ಮುಯ್ಯಾಳಿನ ಹಾಡು

ನಮ್ಮ ಕಾಲೇಜು ಬ್ಯಾಂಡಿಗೆ ಬಹುಮಾನ ತಂದುಕೊಟ್ಟ ಹಾಡನ್ನು ನಾನು ತಂದದ್ದು ಅಘನಾಶಿನಿ ದಡದ ನಮ್ಮ ಗದ್ದೆಯಿಂದ. 2009ರ ಮಳೆಗಾಲ. ರಜೆಗೆಂದು ಬೆಂಗಳೂರಿನಿಂದ ಕುಮಟಾಕ್ಕೆ ಬಂದಿದ್ದೆ. ನೆಟ್ಟಿ ನಡೆದಿತ್ತು. ನೆಟ್ಟಿಗೆ ನಮ್ಮಲ್ಲಿ ಮುಯ್ಯಾಳು. ಇವತ್ತು ಅವರು ನಮ್ಮ ಗದ್ದೆಗೆ ಬಂದರೆ ನಾಳೆ ಅಮ್ಮ ಅವರ ಗದ್ದೆಗೆ. ದುಡ್ಡಿನ ಮಾತಿಲ್ಲ. ಆದರೆ ಯಾರ ಮುಯ್ಯಿ ಯಾರಿಗೆ ಬಾಕಿ ಎಂಬುದು ಎಲ್ಲರಿಗೂ ಬಾಯಿಪಾಠ.

ಆಚೆಮನೆ ಅಕ್ಕ ಹಾಡುತ್ತಿದ್ದರು. ಹಾಲಕ್ಕಿ ಒಕ್ಕಲಿಗರವರು. ಕೊರಳ ತುಂಬ ಮಣಿಸರ, ಬೆನ್ನ ಮೇಲೆ ಮಳೆ. ಅವರು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳುವರು. ನಾನು ಗದ್ದೆ ಅಂಚಿನ ಮೇಲೆ ಕೊಡೆ ಹಿಡಿದು ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳಿ ಮಾಡಿಕೊಂಡೆನೇ ಎಂದರೆ, ಇಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಆಗ ನಮ್ಮ ಹಾಸ್ಟೆಲಿನಲ್ಲಿ ಫೋಕ್ ರಾಕ್‌ನ ಹುಚ್ಚು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಿತ್ತು. ಅದರಲ್ಲಿ ಶಿಶುನಾಳ ಶರೀಫರ ಎರಡು ತತ್ವಪದಗಳಿದ್ದವು, ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಅಪ್ಪಂದಿರ ತಲೆಮಾರು ಶರೀಫರನ್ನು ಸಿ. ಅಶ್ವಥ್ ಅವರ ದನಿಯಲ್ಲಿ, 1990ರ ನಾಗಾಭರಣರ ಸಿನಿಮಾದಲ್ಲಿ ಕೇಳಿತ್ತು. ನಮಗೆ ಅದೇ ಶರೀಫರು ಗಿಟಾರು, ಡ್ರಮ್ಸ್ ಕಟ್ಟಿಕೊಂಡು ಬಂದರು. ಸ್ವರಾತ್ಮ, ಲಗೋರಿ ಬ್ಯಾಂಡುಗಳೂ ಬೆಂಗಳೂರಿನ ವೇದಿಕೆಗಳಲ್ಲಿದ್ದವು. ಗೆಳೆಯರು ‘ನಮಗೊಂದು ಹೊಸ ಜಾನಪದ ಗೀತೆ ಬೇಕು’ ಎಂದಾಗ ನಾನು ಜೇಬಿನಿಂದ ಮೊಬೈಲ್ ತೆಗೆದೆ.

ಕಷ್ಟ ಶುರುವಾದದ್ದು ತಾಳದಲ್ಲಿ. ಅಕ್ಕನ ಸಾಲುಗಳು ಒಂದೇ ಉದ್ದದವಲ್ಲ. ಕೈಯಲ್ಲಿನ ಸಸಿ ಮುಗಿಯುವವರೆಗೆ ಸಾಲು ಎಳೆಯುತ್ತದೆ, ಹೊಸ ಕಟ್ಟು ಎತ್ತಿಕೊಳ್ಳುವಾಗ ನಿಲ್ಲುತ್ತದೆ. ನಮ್ಮ ಡ್ರಮ್ಮರನಿಗೆ ನಾಲ್ಕರ ಲೆಕ್ಕ ಬೇಕು. ಎಳೆದದ್ದನ್ನು ಕತ್ತರಿಸಿದೆವು, ಕಡಿಮೆ ಬಿದ್ದಲ್ಲಿ ‘ಓ ಓ’ ತುಂಬಿದೆವು. ಊರಿನಿಂದ ಒಂದು ಗುಮಟೆಯನ್ನೂ ಒಯ್ದಿದ್ದೆ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ತೆರೆದ ಬಾಯಿಯನ್ನು ಎಡಗೈಯಿಂದ ಮುಚ್ಚಿ ಬಿಟ್ಟು ಮಾಡಿದರೆ ನಾದ ಒಳಗಿನಿಂದ ಬಾಗಿ ಬರುತ್ತದೆ. ನಮ್ಮ ಮೈಕಿಗೆ ಬೆರಳಿನ ಟಕಟಕ ಮಾತ್ರ ಸಿಕ್ಕಿತು. ಗುಮಟೆಯನ್ನು ವೇದಿಕೆಯ ಮುಂದೆ ಅಲಂಕಾರಕ್ಕೆ ಇಟ್ಟೆವು.

ಹಾಡು ಗೆದ್ದಿತು. ಹಿಂದಿನ ಪರದೆಯ ಮೇಲೆ ‘ಸಾಹಿತ್ಯ: ಸಾಂಪ್ರದಾಯಿಕ. ಸಂಗೀತ ಸಂಯೋಜನೆ:’ ಎಂದಿತ್ತು, ಅದರ ಮುಂದೆ ನಮ್ಮ ಐವರ ಹೆಸರು.

ದೀಪಾವಳಿಗೆ ಊರಿಗೆ ಹೋದವನು ಅಕ್ಕನ ಕಿವಿಗೆ ಇಯರ್‌ಫೋನ್ ಇಟ್ಟೆ. ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಚಲೋ ಅದೆ ತಮಾ. ಆದ್ರೆ ಇದಕ್ಕೆ ಸಸಿ ನೆಡೂಕೆ ಆಗೂದಿಲ್ಲ.”

ಇಬ್ಬರೂ ನಕ್ಕೆವು. ಆಮೇಲೆ ಕೇಳಿದರು: “ಈ ಪದ ನಂಗೆ ನಮ್ಮತ್ತೆ ಕಲಿಸಿದ್ದು. ಅವರ ಹೆಸರು ಹೇಳಿದ್ಯಾ?”

ನಾನು ಅಕ್ಕನ ಹೆಸರನ್ನೇ ಹೇಳಿರಲಿಲ್ಲ. ಅವರು ತಮ್ಮದನ್ನು ಕೇಳಲಿಲ್ಲ, ಅತ್ತೆಯದನ್ನು ಕೇಳಿದರು. ಅದು ಇವತ್ತಿಗೂ ಚುಚ್ಚುತ್ತದೆ.

ಫೋಕ್ ರಾಕ್‌ನ ಚರಿತ್ರೆಯನ್ನು ನಾನು ನಿಜವಾಗಿ ಓದತೊಡಗಿದ್ದು ಆಮೇಲೆ. ಬಹುತೇಕ ಕಥೆಗಳು 1965ರ ಜುಲೈ 25ರಿಂದ ಶುರುವಾಗುತ್ತವೆ. ಅಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲಾನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತ, ಕೆಲವರು ಕೂಗಾಡಿದರು. ನಾಲ್ಕು ವರ್ಷದ ನಂತರ ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತನ್ನ ನಾಡಿನ ಹಳೆಯ ಲಾವಣಿಗಳಿಗೆ ಅದೇ ವಿದ್ಯುತ್ ಹರಿಸಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೂ ಹಿಂದಿನ ಒಂದು ಸಂಗತಿ. 1937ರಲ್ಲಿ ಅಲನ್ ಲೊಮಾಕ್ಸ್ ಎಂಬ ಸಂಗ್ರಾಹಕ ಕೆಂಟಕಿಯ ಗಣಿ ಊರೊಂದರಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಹುಡುಗಿಯಿಂದ ಒಂದು ಹಾಡನ್ನು ಧ್ವನಿಮುದ್ರಿಸಿಕೊಂಡ. ‘ಹೌಸ್ ಆಫ್ ದ ರೈಸಿಂಗ್ ಸನ್’. 1962ರಲ್ಲಿ ಡಿಲಾನ್‌ನ ಮೊದಲ ಆಲ್ಬಂನಲ್ಲಿ ಅದು ಬಂತು. 1964ರಲ್ಲಿ ಇಂಗ್ಲೆಂಡಿನ ದಿ ಆ್ಯನಿಮಲ್ಸ್ ತಂಡ ಎಲೆಕ್ಟ್ರಿಕ್ ಗಿಟಾರು, ಆರ್ಗನ್ ಹಾಕಿ ಹಾಡಿ ಜಗತ್ತನ್ನೇ ಗೆದ್ದಿತು. ಮೊದಲ ಫೋಕ್ ರಾಕ್ ಹಿಟ್ ಇದೇ ಎನ್ನುವವರು ಬಹಳ. ಆ ತಟ್ಟೆಯ ಮೇಲೆ ಹಾಡು ಸಾಂಪ್ರದಾಯಿಕ ಎಂದೂ, ಸಂಯೋಜನೆ ಆರ್ಗನ್ ನುಡಿಸಿದ ಆಲನ್ ಪ್ರೈಸ್‌ನದು ಎಂದೂ ಇತ್ತು. ನಮ್ಮ ಕಾಲೇಜಿನ ಪರದೆಯನ್ನೇ ಓದಿದ ಹಾಗಾಯಿತು.

ಹಾಗಾದರೆ ಶರೀಫರ ಹೆಸರು ಹೇಗೆ ಉಳಿಯಿತು? ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಭಜನೆ, ಸುಗಮ ಸಂಗೀತ, ಸಿನಿಮಾ ಎಲ್ಲ ದಾಟಿ ರಾಕ್ ವೇದಿಕೆಗೆ ಬಂದರೂ ಅವರ ಹೆಸರು ಕಳಚಿಕೊಳ್ಳಲಿಲ್ಲ. ಕಾರಣ ಸರಳ. ಪದದ ಕೊನೆಗೆ ಶಿಶುನಾಳದ ಒಡೆಯನ ಅಂಕಿತವಿದೆ. ಎಷ್ಟೇ ಜೋರಾಗಿ ಡ್ರಮ್ಸ್ ಬಾರಿಸಿದರೂ ಹಾಡು ಮುಗಿಸುವಾಗ ಆ ಊರನ್ನು ಉಚ್ಚರಿಸಲೇಬೇಕು. ವಚನಕಾರರು, ದಾಸರು, ತತ್ವಪದದವರು ತಮ್ಮ ಗುರುತನ್ನು ಹಾಡಿನೊಳಗೇ ಹೊಲಿದು ಹೋದರು. ಗದ್ದೆಯಲ್ಲಿ ಬಗ್ಗಿದ ಹೆಂಗಸರ ಪದಗಳಿಗೆ ಅಂಕಿತವಿಲ್ಲ. ಅವುಗಳ ಅಂಕಿತ ಹಾಡಿನ ಹೊರಗಿತ್ತು, ‘ಇದು ನಮ್ಮತ್ತೆ ಕಲಿಸಿದ್ದು’ ಎಂಬ ಮಾತಿನಲ್ಲಿ. ನಾನು ಹಾಡನ್ನು ಎತ್ತಿಕೊಂಡು ಆ ಮಾತನ್ನು ಗದ್ದೆಯಲ್ಲೇ ಬಿಟ್ಟು ಬಂದಿದ್ದೆ.

ನಮ್ಮ ಜಿಲ್ಲೆಯಲ್ಲಿ ಹೀಗೆ ಬಿಡದವರೂ ಇದ್ದರು. ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಊರೂರು ಅಲೆದು ಈ ಪದಗಳನ್ನು ಬರೆದುಕೊಂಡರು. ಪಕ್ಕದ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಹಾಲಕ್ಕಿ ಹಾಡಿಗೊಂದು ಮುಖ ಇದೆ ಎಂಬುದು ದೇಶಕ್ಕೇ ಗೊತ್ತಾಯಿತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು.

ಜಾನಪದಕ್ಕೆ ಗಿಟಾರು ಹಾಕಬಾರದು ಎಂದು ನಾನು ಹೇಳುತ್ತಿಲ್ಲ. ಜಾರ್ಜಿಯಾಳ ಹಾಡು ನನ್ನ ತನಕ ಬಂದದ್ದು ಆ ಗಿಟಾರು, ಆರ್ಗನ್‌ಗಳಿಂದಲೇ. ಅಕ್ಕನಿಗೂ ನಮ್ಮ ಹಾಡು ಹಿಡಿಸಿತ್ತು. ಬಾಕಿ ಇದ್ದದ್ದು ಮುಯ್ಯಿ. ಅವರು ನಮ್ಮ ಗದ್ದೆಗೆ ಬಂದಿದ್ದರು, ನಾನು ಅವರ ಗದ್ದೆಗೆ ಹೋಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹೋದೆ. ಅವರ ಗದ್ದೆ ಈಗ ಹಡಿಲು ಬಿದ್ದಿದೆ, ಮಕ್ಕಳು ಹೊರಗಿದ್ದಾರೆ, ಅಕ್ಕನಿಗೆ ಬಗ್ಗಲಾಗುವುದಿಲ್ಲ. ಜಗಲಿಯಲ್ಲಿ ಕೂತು ಪದವನ್ನು ಮೊದಲಿನಿಂದ ಕಲಿತೆ. ತೊಡೆ ತಟ್ಟಿ ನಾಲ್ಕು ಎಣಿಸಿದಾಗಲೆಲ್ಲ ನನ್ನ ಕೈ ಹಿಡಿದು ನಿಲ್ಲಿಸಿದರು. ಹಳೆಯ ಬ್ಯಾಂಡಿನ ಗೆಳೆಯರು ಮತ್ತೆ ಸೇರುವವರಿದ್ದೇವೆ. ಈ ಸಲ ಸಾಲು ಎಷ್ಟು ಎಳೆಯುತ್ತದೋ ಅಷ್ಟು ಡ್ರಮ್ಮರ್ ಕಾಯಬೇಕು ಎಂದು ಮಾತಾಗಿದೆ.

ಲೇಖನದಲ್ಲಿ ಹೆಸರು ಹಾಕಲೇ ಎಂದು ಈ ಸಲ ಕೇಳಿದೆ. “ಪೇಪರಿಗೆಲ್ಲ ಬೇಡ ತಮಾ,” ಎಂದರು. “ಹಾಡೂಕಿಂತ ಮುಂಚೆ ಹೇಳು, ಸಾಕು. ಮೊದಲು ಅತ್ತೆದು, ಆಮೇಲೆ ನಂದು.”