ಕಲ್ಲಿಗೆ ವಯಸ್ಸು ಕೇಳುವುದು

ಲಾಲ್‌ಬಾಗಿನ ಬಂಡೆ ಹತ್ತುವವರ ಕಣ್ಣು ಸಾಮಾನ್ಯವಾಗಿ ಮೇಲಿನ ಕೆಂಪೇಗೌಡರ ಗೋಪುರದ ಮೇಲಿರುತ್ತದೆ. ನನ್ನ ಕಣ್ಣು ಕಾಲಬುಡದಲ್ಲಿ. ಬಿಳಿ, ಬೂದು, ಕಪ್ಪು ಪಟ್ಟೆಗಳು ಬಳುಕಿ, ಮಡಿಚಿ, ಒಂದರೊಳಗೊಂದು ಕರಗಿದಂತಿರುವ ಈ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಆ ಲೆಕ್ಕ ಎಲ್ಲಿಂದ ಬಂತು ಎಂದು ಯೋಚಿಸುತ್ತ ಬಂಡೆಯ ಮೇಲೆ ಕೂತುಬಿಡುವುದು ನನಗೆ ಬಲು ಇಷ್ಟ.

ಮೊದಲ ಲೆಕ್ಕಕ್ಕೆ ಯಂತ್ರವೇನೂ ಬೇಡ. ರಾಮನಗರದ ಕಡೆ ಹೋದರೆ ಗುಲಾಬಿ ಛಾಯೆಯ ಗ್ರಾನೈಟ್ ಸಿಗುತ್ತದೆ. ಊರಿನ ಹಳೆಯ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ಅದು ನೈಸನ್ನು ಸೀಳಿಕೊಂಡು ನುಗ್ಗಿದೆ, ಅಲ್ಲಲ್ಲಿ ನೈಸಿನ ತುಂಡುಗಳನ್ನು ಒಡಲಲ್ಲಿ ಇಟ್ಟುಕೊಂಡಿದೆ. ಗೋಡೆಯಿಲ್ಲದೆ ಬಿರುಕು ಬಿಡುವುದುಂಟೇ? ನೈಸೇ ಹಿರಿದು, ಗ್ರಾನೈಟ್ ಕಿರಿದು. ಆದರೆ ಎಷ್ಟು ಕಿರಿದು ಎಂಬುದನ್ನು ಕಣ್ಣು ಹೇಳಲಾರದು.

ಅದನ್ನು ಹೇಳುವುದು ಜಿರ್ಕಾನ್. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟಿರುವ ಹರಳು. ಕಲ್ಲನ್ನು ಪುಡಿ ಮಾಡಿ, ತೊಳೆದು, ಭಾರದ ಕಣಗಳನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸುತ್ತಾರೆ, ತಾಳ್ಮೆಯ ಕೆಲಸ. ಕರಗಿದ ಶಿಲಾಪಾಕದಲ್ಲಿ ಹುಟ್ಟುವಾಗ ಈ ಹರಳು ಯುರೇನಿಯಂ ಪರಮಾಣುಗಳಿಗೆ ಜಾಗ ಕೊಡುತ್ತದೆ, ಸೀಸವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಇಂದು ಅದರೊಳಗೆ ಕಾಣುವ ಸೀಸ ಬಹುಪಾಲು ಅಲ್ಲೇ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ನನ್ನನ್ನು ಎಂದೂ ಬೆರಗುಗೊಳಿಸುವ ಸಂಗತಿ ಇದು: ಆ ಹರಳಿನಲ್ಲಿ ಒಂದಲ್ಲ, ಎರಡು ಗಡಿಯಾರಗಳಿವೆ. ಯುರೇನಿಯಂ-238ರಲ್ಲಿ ಅರ್ಧ ಸೀಸವಾಗಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ಸಾಕು. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ನಡುವೆ ಎಂದೋ ಸೀಸ ಸೋರಿಹೋಗಿದ್ದರೆ ಅವೆರಡರ ಮಾತು ಕೂಡಿಬರುವುದಿಲ್ಲ. ಕ್ಲೋಸ್‌ಪೇಟೆ ಗ್ರಾನೈಟಿನ ಜಿರ್ಕಾನುಗಳು ಹೇಳಿದ್ದು ಸುಮಾರು 250 ಕೋಟಿ. ಕಣ್ಣು ಕಂಡ ಹಿರಿಕಿರಿತನಕ್ಕೆ ಹರಳೂ ಹೂಂಗುಟ್ಟಿತು.

ಹಾಗೆಂದು ಒಂದು ಬಂಡೆಗೆ ಒಂದೇ ಹುಟ್ಟುದಿನ ಎಂದುಕೊಳ್ಳುವಂತಿಲ್ಲ. ಎಲೆಕ್ಟ್ರಾನ್ ಕಿರಣ ಹಾಯಿಸಿದಾಗ ಜಿರ್ಕಾನ್ ಮಿನುಗಿ ಒಳಗಿನ ಸುತ್ತುಗಳನ್ನು ತೋರಿಸುತ್ತದೆ: ನಡುವಿನ ತಿರುಳು ಹಳೆಯದು, ಅಂಚು ಮುಂದೆಂದೋ ನೆಲದಾಳದ ಕಾವಿನಲ್ಲಿ ಬೆಳೆದದ್ದು. ನೈಸಿನಂಥ ಕಲ್ಲಿಗೆ ವಯಸ್ಸೆಷ್ಟು ಎಂದರೆ, ಕಾದದ್ದೋ, ಮಡಿಚಿದ್ದೋ, ಮೊದಲು ಗಟ್ಟಿಯಾದದ್ದೋ, ಯಾವುದರ ವಯಸ್ಸು ಎಂದು ಭೂವಿಜ್ಞಾನಿ ತಿರುಗಿ ಕೇಳಬೇಕಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಒಂದು ಜಿರ್ಕಾನಿಗೆ ಸುಮಾರು 440 ಕೋಟಿ ವರ್ಷ. ಅದು ಇರುವ ಬಂಡೆ ಅದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಎಳೆಯದು. ಹರಳನ್ನು ಹೆತ್ತ ಮೂಲ ಶಿಲೆ ಸವೆದು ಮರಳಾಗಿ ಎಲ್ಲೂ ಉಳಿದಂತಿಲ್ಲ. ಅದು ಇತ್ತು ಎನ್ನುವುದಕ್ಕೆ ಈಗ ಈ ಕಣವೇ ಸಾಕ್ಷಿ.