ಅಮಾನತ್

ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದು. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ನಮ್ಮ ವಶಕ್ಕೆ ಕೊಟ್ಟ ವಸ್ತು. ಈ ಎರಡನೆಯ ಅರ್ಥ ನನಗೆ ತಿಳಿದದ್ದು ಮದರಸಾದಲ್ಲಲ್ಲ, ತೋವಿನಕೆರೆಯಲ್ಲಿ ಅಬ್ಬಾ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಶೆಡ್ಡಿನಲ್ಲಿ.

ಕಡ್ಲೆಕಾಯಿ ಬಿತ್ತನೆಯ ಸಮಯ. ಗೌಡರೊಬ್ಬರ ಟ್ರ್ಯಾಕ್ಟರಿಗೆ ಹೊಸ ಗೇರ್ ಆಯಿಲ್ ಸುರಿದು, ಗೇರ್‌ಬಾಕ್ಸಿನ ಮೇಲ್ಮುಚ್ಚಳ ಕೂರಿಸುವಾಗ ನನ್ನ ಕೈಯಿಂದ ಸ್ಪ್ರಿಂಗ್ ವಾಷರ್ ಒಳಗೆ ಜಾರಿತು. ಯಾರೂ ನೋಡಲಿಲ್ಲ. ಇನ್ನೊಂದು ವಾಷರ್ ಹಾಕಿ ಬೋಲ್ಟ್ ಬಿಗಿದೆ. ರಾತ್ರಿ ಊಟ ಸೇರಲಿಲ್ಲ. ಅಬ್ಬಾಗೆ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. “ಹಲ್ಲುಗಳ ನಡುವೆ ಸಿಕ್ಕರೆ ಗೇರೇ ಮುರಿಯುತ್ತೆ, ಏಳು” ಎಂದರು. ಟಾರ್ಚ್ ಬೆಳಕಿನಲ್ಲಿ ಮುಚ್ಚಳ ಬಿಚ್ಚಿ, ಕೆಳಗಿನ ಪ್ಲಗ್ ತೆಗೆದು ಆಯಿಲನ್ನೆಲ್ಲ ಇಳಿಸಿದೆವು. ವಾಷರ್ ಬರಲಿಲ್ಲ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಒಳಗೆ ಇಳಿಬಿಟ್ಟರು. ಉಕ್ಕಿನದಾದ್ದರಿಂದ ಅಂಟಿಕೊಂಡಿತು; ತಾಮ್ರದ್ದಾಗಿದ್ದರೆ ಅಂಟುತ್ತಿರಲಿಲ್ಲ. ಒಳಗೆಲ್ಲ ಡೀಸೆಲ್ ಹಾಕಿ ತೊಳೆದು, ನಮ್ಮ ಖರ್ಚಿನಲ್ಲೇ ಬೇರೆ ಆಯಿಲ್ ತುಂಬಿದೆವು.

ಬೆಳಿಗ್ಗೆ ಗೌಡರು ಬಂದಾಗ, ನಾನು ತಲೆ ತಗ್ಗಿಸಿ ನಿಂತಿದ್ದಂತೆಯೇ, ಅಬ್ಬಾ ಎಲ್ಲವನ್ನೂ ಹೇಳಿದರು.

“ಹೇಳದಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತು, ಸಾಬ್ರೆ?”

“ಅದಕ್ಕೇ ಹೇಳಿದ್ದು, ಗೌಡ್ರೆ.”