ಮಧ್ಯಾಹ್ನದ ಬಿಸಿನೀರು

ಸಂಜೆ ಏಳಕ್ಕೆ ನಾನು ಗೀಸರ್ ಹಾಕಿದರೆ ಮೊಮ್ಮಗಳು ಓದುವ ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತಿತ್ತು. ಹೊನ್ನಾವರದ ನಮ್ಮ ಕೇರಿಯಲ್ಲಿ ಎಲ್ಲ ಮನೆಯ ದೀಪ, ಟಿ.ವಿ., ಮಿಕ್ಸಿಗೂ ಅದೇ ಹೊತ್ತು.

"ಅಜ್ಜಾ, ನೀರು ಮಧ್ಯಾಹ್ನವೇ ಕಾಸಿಡು" ಎಂದಳು. ಬಿಸಿಲಿದ್ದಾಗ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿನಿಂದ ಕರೆಂಟು ಬರುತ್ತದೆ. ಹೊತ್ತು ಮುಳುಗಿದರೆ ನಮ್ಮ ಗೇರುಸೊಪ್ಪೆಯಂಥ ಕೇಂದ್ರಗಳ ಮೇಲೂ ಭಾರ. ಕರೆಂಟು ಕೂಡಿಡುವುದು ಕಷ್ಟ, ಬಿಸಿನೀರು ಕೂಡಿಡುವುದು ಸುಲಭ. ನನ್ನ ಆಯಿಯೂ ತೆಂಗಿನ ಸಿಪ್ಪೆ ಉರಿಸಿ ಮಧ್ಯಾಹ್ನವೇ ಹಂಡೆ ಕಾಸುತ್ತಿದ್ದಳಲ್ಲ! ಚಳಿದೇಶಗಳಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪನ್ನೂ ಹೀಗೇ ಹೊತ್ತು ನೋಡಿ ಓಡಿಸುವುದುಂಟು.

ಈಗ ಮೂರಕ್ಕೆ ಹಾಕಿ ನಾಲ್ಕರೊಳಗೆ ಆರಿಸುತ್ತೇನೆ. ಏಳಕ್ಕೂ ನೀರು ಬಿಸಿಯೇ. ಮೊನ್ನೆ ಮರೆತೆ. ಅವಳ ಗಣಿತ ಮುಗಿಯುವವರೆಗೂ ಗೀಸರ್ ಮುಟ್ಟಲು ಬಿಡಲಿಲ್ಲ.